ಪದಚರ್ಚೆ: ಜೀನ್ಸ್ ಅಳತೆಪಟ್ಟಿಯಲ್ಲಿ ನಡು, ಸೊಂಟ, ಸೀಟು, ಕವಲು

ಬಳ್ಳಾರಿಯ ಹೊಸ ಜೀನ್ಸ್ ಬ್ರಾಂಡೊಂದಕ್ಕೆ ಕನ್ನಡದ ವೆಬ್‌ಸೈಟ್ ಕಟ್ಟುವ ಕೆಲಸ ನಡೆದಿದೆ. ಸಂದೇಹ ಇರುವುದು ಅಳತೆಪಟ್ಟಿಯ ಪದಗಳಲ್ಲಿ. ಅಂಗಡಿಯಲ್ಲಾದರೆ ಪದ ಹೆಚ್ಚುಕಡಿಮೆಯಾದರೂ ಹಾಕಿ ನೋಡಬಹುದು. ವೆಬ್‌ಸೈಟಿನಲ್ಲಿ ಗಿರಾಕಿಗೆ ಆಧಾರ ಒಂದು ಟೇಪು ಮತ್ತು ನಾವು ಬರೆದ ಪದ, ಅಷ್ಟೇ. ಪದ ತಪ್ಪು ಜಾಗ ತೋರಿಸಿದರೆ ಪ್ಯಾಂಟು ಕೊರಿಯರಿನಲ್ಲಿ ಮರಳಿ ಬರುತ್ತದೆ.

ಮೊದಲು ‘ಸೊಂಟ’. ಸೊಂಟನೋವು ಅಂದರೆ ಬೆನ್ನಿನ ಕೆಳಭಾಗ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡಳು ಅಂದರೆ ಪಕ್ಕದ ಎಲುಬು. ಸೊಂಟಪಟ್ಟಿ ಅಂದರೆ ಹೊಟ್ಟೆಯ ಸುತ್ತ. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಅಳತೆಪಟ್ಟಿಯಲ್ಲಿ ಬಹಳ ತೊಂದರೆ. ಹೊಕ್ಕುಳ ಮಟ್ಟದ ಸುತ್ತಳತೆಗೂ ಅದಕ್ಕಿಂತ ಮೂರು ಇಂಚು ಕೆಳಗಿನ ಸುತ್ತಳತೆಗೂ ಒಂದು ಸೈಜು ಸುಲಭವಾಗಿ ವ್ಯತ್ಯಾಸ ಬರುತ್ತದೆ. ‘ನಡು’ ಇದಕ್ಕಿಂತ ಖಚಿತ. ರಾಯಚೂರು, ಕೊಪ್ಪಳದ ಮಾತಿನಲ್ಲಿ ‘ನಡ’ ದಿನಬಳಕೆಯದೇ. ‘ಟೊಂಕ’ವೂ ಉಂಟು, ಆದರೆ ಅದು ಸೊಂಟದಷ್ಟೇ ಸಡಿಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಉರ್ದುವಿನ ‘ಕಮರ್’ ಕೂಡ ಕಿವಿಗೆ ಹೊಸದಲ್ಲ. ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯವರಿಗೆ ವಿವರಣೆಯಿಲ್ಲದೆ ದಾಟುವ ಪದ ‘ನಡು’ ಎಂದೇ ನನ್ನ ಎಣಿಕೆ.

ಹಾಗೆಂದು ‘ನಡು’ ಬರೆದು ಬಿಟ್ಟರೆ ಸಾಲದು. ಇಂದಿನ ಜೀನ್ಸ್ ಬಹುಪಾಲು ಕೂರುವುದು ಹೊಕ್ಕುಳ ಮಟ್ಟದಲ್ಲಲ್ಲ, ಅದರ ಕೆಳಗೆ. ಗಂಡಸರ ಪಟ್ಟಿಗೆ ನಾನು ಬರೆಯಬೇಕೆಂದಿರುವ ಸೂಚನೆ ಇದು: ‘ಉಡದಾರ ಕೂರುವ ಕಡೆ ಟೇಪು ಸುತ್ತಿ, ನಡುವೆ ಒಂದು ಬೆರಳು ಆಡುವಷ್ಟು ಸಡಿಲ ಬಿಡಿ.’ ಉಡದಾರ ಬಿಟ್ಟವರಿಗೂ ಆ ಜಾಗ ಗೊತ್ತು. ಹೆಂಗಸರ ಪಟ್ಟಿಯಲ್ಲಿ ‘ಹೊಕ್ಕುಳಿಂದ ಎರಡು ಬೆರಳು ಕೆಳಗೆ’ ಎಂಬಂತೆ, ಆಯಾ ಮಾದರಿ ಕೂರುವ ಜಾಗ ನೋಡಿ ಬೇರೆಯಾಗಿ ಬರೆಯಬೇಕು.

ಎರಡನೆಯ ಗೊಂದಲಕ್ಕೆ ಕಾಲಮ್ಮಿನ ಶಿರೋನಾಮೆಯೇ ಕಾರಣ. 32 ಎಂಬ ಲೇಬಲ್ಲಿನ ಪ್ಯಾಂಟನ್ನು ಗುಂಡಿ ಹಾಕಿ ಮೇಜಿನ ಮೇಲೆ ಚಪ್ಪಟೆ ಹಾಸಿ, ನಡುಪಟ್ಟಿಯ ಈ ತುದಿಯಿಂದ ಆ ತುದಿಗೆ ಅಳೆದರೆ 17 ಇಂಚು ಬರಬಹುದು, ಇಮ್ಮಡಿಸಿದರೆ 34. ಲೇಬಲ್ಲಿನ ಅಂಕಿ ಮೈಯದು, ಟೇಪಿನ ಅಂಕಿ ಬಟ್ಟೆಯದು. ಪಟ್ಟಿಯಲ್ಲಿ ಬರೀ ‘ನಡು’ ಎಂದಿದ್ದರೆ, ಹಳೆ ಪ್ಯಾಂಟು ಅಳೆದ ಗಿರಾಕಿ 34 ತರಿಸುತ್ತಾನೆ, ಅದು ಜಾರುತ್ತದೆ. ಆದ್ದರಿಂದ ‘ಮೈ ಅಳತೆ’, ‘ಬಟ್ಟೆ ಅಳತೆ’ ಎಂದು ಎರಡು ಕಾಲಂ ಕಡ್ಡಾಯ. ‘ಸುತ್ತಳತೆ’ ಮತ್ತು ‘ಅಗಲ’ವನ್ನೂ ಬೆರೆಸಬಾರದು: ಚಪ್ಪಟೆ ಅಳೆದದ್ದು ಅಗಲ, ಇಮ್ಮಡಿಸಿದ್ದು ಸುತ್ತಳತೆ.

ಇನ್ನು ಹಿಂಭಾಗ. ‘ನಿತಂಬ’ ಕಾವ್ಯದ್ದು, ‘ಪೃಷ್ಠ’ ಪಂಡಿತರದ್ದು, ಆಡುಮಾತಿನ ಪದವನ್ನು ಅಂಗಡಿಯ ಪಟ್ಟಿಯಲ್ಲಿ ಹಾಕಲು ಮಾಲೀಕರು ಒಪ್ಪುವುದಿಲ್ಲ. ಟೈಲರುಗಳು ‘ಸೀಟು’ ಎನ್ನುತ್ತಾರೆ. ಅದನ್ನೇ ಉಳಿಸಿ, ಪಕ್ಕದಲ್ಲಿ ಚಿತ್ರ ಕೊಡುವುದು ಮೇಲು.

‘ಉದ್ದ’ ಇನ್ನೂ ಅಪಾಯದ ಪದ. ಟೈಲರು ಹೇಳುವ ಉದ್ದ ಹೊರಬದಿಯದು, ನಡುಪಟ್ಟಿಯ ಮೇಲಂಚಿನಿಂದ ಕೆಳಗಿನ ಮಡಿಕೆಯವರೆಗೆ: 40, 41 ಇಂಚು. ಜೀನ್ಸ್ ಲೇಬಲ್ಲಿನ ಎರಡನೆಯ ಅಂಕಿ ಒಳಬದಿಯದು: 30, 32. ಟೈಲರ್ ಅಳತೆ ಬಾಯಿಪಾಠ ಇರುವವನಿಗೆ ‘ಉದ್ದ 32’ ಹುಡುಗರ ಪ್ಯಾಂಟಿನಂತೆ ಕಾಣುತ್ತದೆ. ‘ಒಳಗಾಲು’, ‘ಹೊರಗಾಲು’ ಎಂದು ಬಿಡಿಸಿ ಬರೆದರೆ ಈ ತೊಡಕಿಲ್ಲ.

ವಾಷಿಂಗ್ ಬಗ್ಗೆ ಒಂದು ಮಾತು. ಡೆನಿಮ್‌ನಲ್ಲಿ ಹಾಸಿನ (ಉದ್ದಕ್ಕೆ ಹೋಗುವ) ಎಳೆಗೆ ಇಂಡಿಗೊ ಬಣ್ಣ, ಹೊಕ್ಕಿನ (ಅಡ್ಡ ಹೋಗುವ) ಎಳೆ ಬಿಳಿ. ಹಾಸಿನ ಎಳೆಯಲ್ಲೂ ಬಣ್ಣ ಹೊರಮೈಗಷ್ಟೇ ಹಿಡಿದಿರುತ್ತದೆ, ಒಳಗೆ ಬೆಳ್ಳಗೆ. ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಜೊತೆ ಯಂತ್ರದಲ್ಲಿ ತಿರುಗಿಸಿದಾಗ ಹೊರಮೈ ಸವೆದು ಆ ಬಿಳುಪು ತೋರುತ್ತದೆ. ಇದನ್ನು ‘ಕಲ್ಲಿನಲ್ಲಿ ತೊಳೆದ ಜೀನ್ಸ್’ ಎಂದು ಬರೆದರೆ ಓದುವವರು ತೊಟ್ಟು ಬಿಟ್ಟ ಬಟ್ಟೆ ಎಂದುಕೊಳ್ಳುತ್ತಾರೆ. ‘ಸ್ಟೋನ್ ವಾಷ್’ ಹಾಗೇ ಇರಲಿ. ಬಟ್ಟೆ ಅಳತೆ ಮಾತ್ರ ವಾಷಿಂಗ್ ಆದ ಮೇಲೆ ತೆಗೆದದ್ದಾಗಿರಬೇಕು. ಹೊಲಿಗೆ ಮುಗಿದೊಡನೆ ಅಳೆದ ಅಂಕಿ ಹಾಕಿದರೆ, ಬಟ್ಟೆ ಕುಗ್ಗಿದಷ್ಟೂ ಪಟ್ಟಿ ಸುಳ್ಳಾಗುತ್ತದೆ.

‘7 ದಿನದಲ್ಲಿ ವಾಪಸ್’ ಎಂಬ ಸಾಲನ್ನಂತೂ ಬಿಡಲೇಬೇಕು. ವಾಪಸ್ ಬರುವುದು ಹಣವೋ, ಬೇರೆ ಸೈಜೋ? 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಮರಳಿಸುವಿಕೆ, ಹಣ ಮರುಪಾವತಿ, ಬದಲಾವಣೆ ಇವುಗಳ ಮಾಹಿತಿಯನ್ನು ತಿಳಿಸಲೇಬೇಕು. ‘ಬಟ್ಟೆ ಮರಳಿಸಿದರೆ ಹಣ ಕೊಡುತ್ತೇವೆ’, ‘ಸೈಜು ಬದಲಿಸಿ ಕೊಡುತ್ತೇವೆ’: ಎರಡು ವಾಕ್ಯ, ಎರಡು ಬೇರೆ ಸಾಲು.

ಹುಡುಕಾಟದಲ್ಲಿ ಇನ್ನೊಂದು ತೊಡಕು. ‘ಜೀನ್ಸ್‌ಗೆ’ ಎಂದು ಬಿಡಿಸಿ ಕಾಣಿಸಲು ನಡುವೆ ಶೂನ್ಯ ಅಗಲದ, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರ ಕೂರುತ್ತದೆ. ಗಿರಾಕಿಯ ಕೀಬೋರ್ಡ್ ಅದನ್ನು ಹಾಕದಿದ್ದರೆ ಎರಡೂ ಪದ ಕಂಪ್ಯೂಟರಿಗೆ ಬೇರೆ ಬೇರೆ. ತೋರಿಸುವ ಪಠ್ಯದಲ್ಲಿ ಅದು ಇರಲಿ, ಹೋಲಿಸುವ ಮುನ್ನ ಎರಡೂ ಕಡೆ ತೆಗೆಯಬೇಕು. ಪ್ಯಾಂಟ್, ಪ್ಯಾಂಟು, ಪ್ಯಾಂಟುಗಳು ಒಂದೇ ಫಲಿತಾಂಶಕ್ಕೆ ಹೋಗಬೇಕು. ಜೇಬು ಎಂದು ಹುಡುಕಿದವರಿಗೆ ಕಿಸೆಯೂ ಸಿಗಬೇಕು.

ಈಗ ಕೇಳಬೇಕಾದ್ದು. ಎರಡೂ ಕಾಲು ಕೂಡುವ ಹೊಲಿಗೆಯಿಂದ ನಡುಪಟ್ಟಿಯ ಮುಂದಿನ ಅಥವಾ ಹಿಂದಿನ ಮೇಲಂಚಿನವರೆಗಿನ ಅಳತೆಗೆ ಇಂಗ್ಲಿಷಿನಲ್ಲಿ ‘ರೈಸ್’. ಕನ್ನಡ ಲಿಪಿಯಲ್ಲಿ ಬರೆದರೆ ಅನ್ನ ನೆನಪಾಗುತ್ತದೆ. ಟೈಲರುಗಳ ‘ಫೋರ್ಕ್’ (ಕವಲು) ಹಿಡಿದು ‘ಮುಂಗವಲು’, ‘ಹಿಂಗವಲು’ ಎಂದು ಬರೆಯಬಹುದೇ? ಮರದ ಕವಲು, ದಾರಿಯ ಕವಲು ಎಲ್ಲರಿಗೂ ಗೊತ್ತಿರುವುದರಿಂದ ಅರ್ಥ ಹತ್ತೀತು ಎಂಬ ನಂಬಿಕೆ. ಸಿಂಪಿಗರ ಬಾಯಲ್ಲಿ ಇದಕ್ಕೆ ಬೇರೆ ಪದ ಇದ್ದರೆ ಯಾವ ಊರಿನದು ಎಂಬುದರ ಸಮೇತ ತಿಳಿಸಿ. ಮೊಬೈಲ್ ಪರದೆಯ ಕಿರಿದಾದ ಕಾಲಮ್ಮಿನಲ್ಲಿ ಒಂದೇ ಸಾಲಿಗೆ ಹಿಡಿಯಬೇಕು. ನಾಲ್ಕೈದು ಅಕ್ಷರ ದಾಟಿದರೆ ಪದ ಎರಡು ಸಾಲಿಗೆ ಒಡೆಯುತ್ತದೆ.