ಕೆಟ್ಟು ನಿಂತ ನೀರಿನ ಘಟಕ

ಕಾಕಾ: ನನಗೆ ಬಂದ ಸಂದೇಶವನ್ನು ಹಾಗೆಯೇ ಕಳುಹಿಸಿದ್ದೇನೆ. ಎಂಜಿನಿಯರಿಂಗ್ ಓದುವವರಿಗೆ ಇನ್ನು ಮುಂದೆ ಜಗತ್ತಿನ ಬಡತನ, ಅಸಮಾನತೆಗಳನ್ನೂ ಕಲಿಸುತ್ತಾರಂತೆ. ಕುಷ್ಟಗಿಯ ನಮ್ಮ ಹುಡುಗನನ್ನು ಸಿವಿಲ್‌ಗೆ ಸೇರಿಸುವ ಮುಂಚೆ ಎಲ್ಲರೂ ಯೋಚಿಸಿರಿ. ಸಾಲ ಮಾಡಿ ಫೀಸು ಕಟ್ಟುವುದು ನೌಕರಿಗಾಗಿ.

ತಮ್ಮ: ಕಾಕಾ, ಇದನ್ನು ಯಾರು ಹೇಳಿದರು, ಯಾವ ವಿಶ್ವವಿದ್ಯಾಲಯ ಆದೇಶ ಮಾಡಿತು ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಹೋದ ವರ್ಷ ಸೀಟು ಹಂಚಿಕೆಯ ಬಗ್ಗೆ ನೀವು ಕಳುಹಿಸಿದ್ದನ್ನು ನಂಬಿ ನಾನು ರಾಯಚೂರಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆ.

ಕಾಕಾ: ಅಂದು ಬಸ್ಸಿನ ಖರ್ಚು ಕೊಟ್ಟವನೂ ನಾನೇ.

ದೊಡ್ಡಪ್ಪ: ಇಬ್ಬರೂ ಸುಮ್ಮನಿರಿ. ಬಡವರ ಬಗ್ಗೆ ಅಂತಃಕರಣ ಮನೆಯಲ್ಲಿಯೇ ಬೆಳೆಯಬೇಕು. ಅದನ್ನು ಪರೀಕ್ಷೆಯ ವಿಷಯ ಮಾಡಿದರೆ ಅಂಕಗಳು ಬರುತ್ತವೆಯೇ ಹೊರತು ಕರುಣೆ ಬರುವುದಿಲ್ಲ.

ಅಕ್ಕ: ಅವ್ವ ಸೇದುವ ಬಾವಿಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತರುತ್ತಿದ್ದಳು. ಊರಿಗೆ ಬೋರು ಬಂದ ದಿನ ಎಲ್ಲರೂ ಕಾಯಿ ಒಡೆದಿದ್ದರು. ಅದೇ ನೀರು ಕುಡಿದು ಕುಡಿದು ಈಗ ಅವಳಿಗೆ ಮೊಣಕಾಲು ಮಡಿಸಲು ಬರುವುದಿಲ್ಲ.

ನಾನು: ದೊಡ್ಡಪ್ಪ, ನೀವು ಹೇಳಿದ ಕರುಣೆ ಬೇಕು, ಆದರೆ ಬೋರು ಕೊರೆಸಿದವರಲ್ಲಿಯೂ ಅದು ಇತ್ತು. ಅವ್ವನ ಮೊಣಕಾಲು ಕೆಡಿಸಿದ್ದು ಆ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ, ಅದು ಹೆಚ್ಚಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರುಗಳು ಅದನ್ನು ದಾಟಿವೆ, ಏಕೆಂದರೆ ಫ್ಲೋರೈಡ್ ನಮ್ಮ ನೆಲದಡಿಯ ಬಂಡೆಯಲ್ಲಿಯೇ ಇದೆ. ಊರಿನ ಶುದ್ಧ ನೀರಿನ ಘಟಕ ಇದಕ್ಕಾಗಿಯೇ ಬಂದಿತು. ಇಂದು ಅದರ ಶಟರ್ ಮುಚ್ಚಿದೆ, ನಾಣ್ಯ ಹಾಕುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿದೆ. ಯಂತ್ರ ಕೂರಿಸಿದವರು ಅದರ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದರು, ಆದರೆ ಫಿಲ್ಟರ್ ಬದಲಿಸುವ ಹಣ ಯಾರ ಬಳಿ ಇರುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ನನ್ನ ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿನಲ್ಲಿ ಹಾಗೆ ಕೇಳುವುದನ್ನು ನನಗೂ ಯಾರೂ ಕಲಿಸಲಿಲ್ಲ.

ಶಾಲೆಯ ಮುಂದಿನ ಕೈಪಂಪು ನಿಮಗೆಲ್ಲ ಗೊತ್ತು. ಅದು 1970ರ ದಶಕದಲ್ಲಿ ಸೊಲ್ಲಾಪುರದ ಒಂದು ಪಂಪಿನ ಮಾದರಿಯನ್ನು ಆಧರಿಸಿ, ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2. ಅದು ಕೆಟ್ಟರೆ ಪೈಪುಗಳನ್ನೆಲ್ಲ ಮೇಲೆತ್ತಬೇಕಾಗುತ್ತಿತ್ತು. ಊರಿನವರೇ ಸಲಕರಣೆ ಹಿಡಿದು ಸರಿಪಡಿಸುವಂತಾಗಲಿ ಎಂದು ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿದರು. ಪಿಸ್ಟನ್ ಅದರೊಳಗಿಂದಲೇ ಮೇಲೆ ಬರುತ್ತದೆ. ನಾನು ಎಂಜಿನಿಯರಿಂಗ್ ಎನ್ನುವುದು ಇದನ್ನು. ಇದಕ್ಕೆ ವಿರುದ್ಧವಾಗಿ ಆಫ್ರಿಕಾದಲ್ಲಿ ಪ್ಲೇಪಂಪ್ ಎಂಬುದನ್ನು ಕೂರಿಸಿದರು. ಮಕ್ಕಳು ಆಡುತ್ತ ತಿರುಗುಣಿ ತಿರುಗಿಸಿದರೆ ನೀರು ಮೇಲೇರುತ್ತಿತ್ತು. ಆಟ ನಿಂತ ಹೊತ್ತಿನಲ್ಲಿ ಹೆಂಗಸರೇ ಬಾಗಿ ಅದನ್ನು ತಿರುಗಿಸಬೇಕಾಯಿತು, ಕೆಟ್ಟಾಗ ಬಿಡಿಭಾಗ ಸಿಗಲಿಲ್ಲ. ಕೂರಿಸುವ ಮುಂಚೆ ಆ ಹೆಂಗಸರ ಜೊತೆ ಒಂದು ವಾರ ನೀರು ಹೊತ್ತಿದ್ದರೆ ತಿಳಿಯುತ್ತಿತ್ತು. ಆ ಒಂದು ವಾರ ಪಠ್ಯಕ್ರಮದಲ್ಲಿ ಇರಲಿ ಎಂದಷ್ಟೇ ನನ್ನ ಕೋರಿಕೆ.

ಕಾಕಾ: ಅದರಿಂದ ನೌಕರಿ ಸಿಗುತ್ತದೆಯೇ?

ನಾನು: ಅದೊಂದರಿಂದಲೇ ಸಿಗುವುದಿಲ್ಲ, ಕಾಕಾ. ಆದರೆ ಅದು ತಿಳಿಯದವನು ನೌಕರಿಗೆ ಸೇರಿದರೆ ಇಂಥದೇ ಇನ್ನೊಂದು ಘಟಕ ಕಟ್ಟುತ್ತಾನೆ.

ಅಕ್ಕನ ಮಗ: ಮಾಮಾ, ಘಟಕದ ಕೀಲಿ ಪಂಚಾಯಿತಿಯ ವಾಟರ್‌ಮನ್ ಬಳಿ ಇದೆ. ನಾಳೆ ಬೆಳಿಗ್ಗೆ ತೆರೆಸುತ್ತೇನೆ ಎಂದಿದ್ದಾನೆ. ಒಳಗೆ ಯಾವುದರ ಫೋಟೋ ತೆಗೆದು ಕಳುಹಿಸಬೇಕು, ತಿಳಿಸಿರಿ.