ಅಪ್‌ಡೇಟ್: ಕಡಿಮೆ ಅಳೆಯುತ್ತಿದ್ದ 1000 ಮೈಕ್ರೋಲೀಟರ್ ಪಿಪೆಟ್ ಸರಿಯಾಯಿತು

ನಮ್ಮ ಲ್ಯಾಬ್‌ನ ಪಿಪೆಟ್ (ದ್ರವವನ್ನು ಅಳೆದು ಎಳೆದು ಬಿಡುವ ಸಾಧನ) 1000ಕ್ಕೆ ಇಟ್ಟರೆ ಸುಮಾರು 1000 ಮಿಲಿಗ್ರಾಂ ನೀರು ಬರಬೇಕು, ಆದರೆ ತಕ್ಕಡಿಯಲ್ಲಿ ಸರಾಸರಿ 981 ಮಿಲಿಗ್ರಾಂ ಅಷ್ಟೇ ಬರುತ್ತಿದೆ, ಅಡ್ಜಸ್ಟ್ ಮಾಡುವ ಕೀ ತಿರುಗಿಸಲೇ ಎಂದು ಕೇಳಿದ್ದೆ. "ಕೀ ಮುಟ್ಟಬೇಡಿ, ಮೊದಲು ಲೀಕ್ ನೋಡಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್.

ಟಿಪ್ (ಪಿಪೆಟ್ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ತುಂಬಾ ನೀರು ಎಳೆದು ನೆಟ್ಟಗೆ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೇ ತುದಿಯಲ್ಲಿ ಹನಿ ಊದಿಕೊಂಡು ತೊಟ್ಟಿಕ್ಕಿತು. ಬಿಚ್ಚಿದರೆ ಪಿಸ್ಟನ್ ಸುತ್ತಲಿನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಹೊಸದು ಹಾಕಿ, ಕಂಪನಿ ಹೇಳುವ ಗ್ರೀಸನ್ನೇ ತೆಳುವಾಗಿ ಸವರಿದೆ. ಗ್ರೀಸ್ ಜಾಸ್ತಿಯಾದರೂ ಕಷ್ಟ, ಪಿಸ್ಟನ್ ಅಂಟಿಕೊಳ್ಳುತ್ತದೆ.

ಆಮೇಲೆ ನೀರು, ಟಿಪ್, ಪಿಪೆಟ್ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಬಿಟ್ಟು, ಟಿಪ್ ಒಳಗೆ ಒದ್ದೆ ಮಾಡಿಕೊಂಡು ಹತ್ತು ಸಲ ತೂಗಿದೆ. ಸರಾಸರಿ 994 ಮಿಲಿಗ್ರಾಂ. ಇನ್ನೂ 6 ಕಡಿಮೆ ಅಲ್ವಾ ಅನ್ನಬೇಡಿ! 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಮಿಲಿಲೀಟರ್‌ಗೆ 1 ಗ್ರಾಂಗಿಂತ ತುಸು ಕಡಿಮೆ, ಜೊತೆಗೆ ಗಾಳಿಯೂ ತುಸು ಎತ್ತಿ ಹಿಡಿಯುತ್ತದೆ. ಅದಕ್ಕೇ ತೂಕದಿಂದ ಅಳತೆ ತಿಳಿಯಲು ಅದನ್ನು ಝಡ್ ಫ್ಯಾಕ್ಟರ್‌ನಿಂದ, ಅಂದರೆ ಸುಮಾರು 1.004ರಿಂದ ಗುಣಿಸಬೇಕು. ಆಗ 998 ಮೈಕ್ರೋಲೀಟರ್. ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8655 ಪ್ರಕಾರ ಈ ಅಳತೆಯ ಪಿಪೆಟ್‌ಗೆ 8 ಮೈಕ್ರೋಲೀಟರ್‌ವರೆಗೆ ಆಚೀಚೆ ಆಗಬಹುದು. 500 ಮತ್ತು 100ರಲ್ಲೂ ತೂಗಿದೆ, ತೊಂದರೆಯಿಲ್ಲ.

ಕೀ ಡ್ರಾಯರ್‌ನಲ್ಲೇ ಉಳಿಯಿತು. ಲೀಕ್ ಇದ್ದಾಗಲೇ ತಿರುಗಿಸಿದ್ದರೆ ಓ-ರಿಂಗ್ ಬದಲಿಸಿದ ಮೇಲೆ ಪಿಪೆಟ್ ಸುಮ್ನೆ ಜಾಸ್ತಿ ಬಿಡುತ್ತಿತ್ತು.

ಗ್ಲಿಸರಾಲ್‌ನಂಥ ಮಂದ ದ್ರವದ ಬಗ್ಗೆ ಕೇಳಿದವರಿಗೆ: ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ (ನಡುವೆ ಗಾಳಿಯಿಲ್ಲದೆ ಪಿಸ್ಟನ್ನೇ ದ್ರವವನ್ನು ತಳ್ಳುವ ಬಗೆ) ಒಳ್ಳೆಯದು.