ಬಾಲ ನಿಲ್ಲಿಸಿದ ಬ್ಯಾಕ್ಟೀರಿಯಾ ಎಷ್ಟು ದೂರ ಸಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಈಜುವ ಇ. ಕೋಲಿ ಬ್ಯಾಕ್ಟೀರಿಯಾಗಳ ವಿಡಿಯೊ ತೋರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ಬಾಲ ಆಡಿಸುವುದನ್ನು ನಿಲ್ಲಿಸಿದ ಮೇಲೆ ಅದು ಎಷ್ಟು ದೂರ ಸಾಗುತ್ತದೆ ಎಂದು ಕೇಳಿದಳು. ಹುಟ್ಟು ಹಾಕುವುದನ್ನು ಬಿಟ್ಟ ದೋಣಿಯಂತೆ ಸ್ವಲ್ಪ ದೂರ ಎಂದುಬಿಟ್ಟೆ. ಅದು ಸರಿಯೇ?

ಉತ್ತರ: ನಮಸ್ಕಾರ ಮೇಡಂ. ದೋಣಿಯ ಹೋಲಿಕೆ ಇಲ್ಲಿ ಸಲ್ಲದು. ದ್ರವದಲ್ಲಿ ಸಾಗುವ ಗೋಲದ ಮೇಲಿನ ಎಳೆತವನ್ನು ಹೇಳುವ, ನೀವು ಪಾಠ ಮಾಡುವ ಸ್ಟೋಕ್ಸ್ ನಿಯಮದಿಂದಲೇ ಲೆಕ್ಕ ಹಾಕಬಹುದು. ಬ್ಯಾಕ್ಟೀರಿಯಾವನ್ನು, ಸ್ವಲ್ಪ ಉದಾರವಾಗಿಯೇ, 1 ಮೈಕ್ರೋಮೀಟರ್ ತ್ರಿಜ್ಯದ ಗೋಲವೆಂದು ಭಾವಿಸಿ, ಅದರ ದ್ರವ್ಯರಾಶಿಯನ್ನು ನೀರಿನ ಸ್ನಿಗ್ಧತೆಯ ಎಳೆತದ ಗುಣಾಂಕದಿಂದ ಭಾಗಿಸಿದರೆ, ವೇಗ ಅಡಗಲು ಹಿಡಿಯುವ ಕಾಲ ಸುಮಾರು 0.2 ಮೈಕ್ರೋಸೆಕೆಂಡ್ ಎಂದು ಸಿಗುತ್ತದೆ. ಸೆಕೆಂಡಿಗೆ 30 ಮೈಕ್ರೋಮೀಟರ್ ವೇಗದಲ್ಲಿ ಈಜುತ್ತಿದ್ದ ಜೀವಿ ಅಷ್ಟರಲ್ಲಿ ಸಾಗುವ ದೂರ ಹೈಡ್ರೋಜನ್ ಪರಮಾಣುವಿನ ಅಗಲದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಅದರ ಪಾಲಿಗೆ ಜಡತ್ವವೆಂಬುದೇ ಇಲ್ಲ. ನಾವು ಜೋನಿಬೆಲ್ಲದ ತೊಟ್ಟಿಗೆ ಇಳಿದು ಈಜಿದರೂ ಈ ಸ್ಥಿತಿಯ ಹತ್ತಿರಕ್ಕೆ ಬರುವುದಿಲ್ಲ.

ಇದರ ಪರಿಣಾಮವನ್ನು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1976ರ ಉಪನ್ಯಾಸವೊಂದರಲ್ಲಿ ಸೊಗಸಾಗಿ ವಿವರಿಸಿದರು. ಇಂಥ ಲೋಕದಲ್ಲಿ ಕಪ್ಪೆಚಿಪ್ಪಿನಂತೆ ಬಾಯಿ ತೆರೆದು ಮುಚ್ಚುವ ಜೀವಿ, ಬೇಗ ಮುಚ್ಚಿ ನಿಧಾನವಾಗಿ ತೆರೆದರೂ, ಹೊರಟಲ್ಲಿಗೇ ಮರಳುತ್ತದೆ. ಮುಂದೆ ಸಾಗಬೇಕಾದರೆ ಅದರ ವಿಡಿಯೊವನ್ನು ಹಿಂದುಮುಂದಾಗಿ ಓಡಿಸಿ ನೋಡಿದರೆ ಬೇರೆಯಾಗಿಯೇ ಕಾಣುವ ಚಲನೆ ಬೇಕು. ಇ. ಕೋಲಿಯ ಬಾಲಗಳು, ಅಂದರೆ ಕಶಾಂಗಗಳು, ತಿರುಪಿನ ಆಕಾರದಲ್ಲಿದ್ದು, ಬುಡದಲ್ಲಿರುವ ಪ್ರೋಟಾನ್ ಚಾಲಿತ ಮೋಟಾರುಗಳು ಅವನ್ನು ಸೆಕೆಂಡಿಗೆ ಸುಮಾರು ನೂರು ಸುತ್ತು ತಿರುಗಿಸುತ್ತವೆ. ಹಾಗಾಗಿ 'ಬಾಲ ಆಡಿಸುತ್ತದೆ' ಎಂಬ ಮಾತನ್ನೂ ತರಗತಿಯಲ್ಲಿ ತಿದ್ದಿಬಿಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಆಹಾರ ಯಾವ ದಿಕ್ಕಿನಲ್ಲಿದೆ ಎಂದು ಅಷ್ಟು ಪುಟ್ಟ ಜೀವಿಗೆ ಹೇಗೆ ತಿಳಿಯುತ್ತದೆ ಸರ್?

ಉತ್ತರ: ದಿಕ್ಕು ಅದಕ್ಕೆ ನೇರವಾಗಿ ತಿಳಿಯುವುದೇ ಇಲ್ಲ. ಜೀವಭೌತವಿಜ್ಞಾನಿ ಹೊವರ್ಡ್ ಬರ್ಗ್ ಅವರು, ಈಜುವ ಒಂದೇ ಜೀವಕೋಶವನ್ನು ಬಿಡದೆ ಹಿಂಬಾಲಿಸುವ ಸೂಕ್ಷ್ಮದರ್ಶಕವನ್ನು ಕಟ್ಟಿ, ಅದು ಸುಮಾರು 1 ಸೆಕೆಂಡ್ ನೇರವಾಗಿ ಓಡಿ, 0.1 ಸೆಕೆಂಡ್ ಪಲ್ಟಿ ಹೊಡೆದು, ಮತ್ತೆಲ್ಲೋ ಮುಖ ಮಾಡಿ ಓಡುವುದನ್ನು 1972ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ಆಹಾರ ಹೆಚ್ಚುತ್ತಿದ್ದರೆ ಪಲ್ಟಿ ತಡವಾಗುತ್ತದೆ, ಅಷ್ಟೇ. ಕಳೆದ 1 ಸೆಕೆಂಡಿನಲ್ಲಿ ಸಿಕ್ಕಿದ್ದನ್ನು ಅದಕ್ಕೂ ಹಿಂದಿನ ಸುಮಾರು 3 ಸೆಕೆಂಡುಗಳೊಡನೆ ಅದು ಹೋಲಿಸಿಕೊಳ್ಳುತ್ತದೆ. ಇದಕ್ಕಿಂತ ಹಳೆಯ ನೆನಪಿನಿಂದ ಪ್ರಯೋಜನವೂ ಇಲ್ಲ, ಏಕೆಂದರೆ ನೀರಿನ ಅಣುಗಳ ತಾಡನದಿಂದಾಗಿ ಸುಮಾರು 10 ಸೆಕೆಂಡಿನೊಳಗೆ ಅದರ ಮುಖವೇ ಬೇರೆ ಕಡೆಗೆ ತಿರುಗಿರುತ್ತದೆ.